ನಳಿಕೆ ಮೆತ್ತಗಿರೋದು ಯಾತರಿಂದ? ಆಸ್ಪತ್ರೆಯ ಪ್ಲಾಸ್ಟಿಕ್ ಮತ್ತು ನಮ್ಮ ರಕ್ತ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಮಾತು ನಮ್ಮ ಮನೆಯಿಂದಲೇ ಶುರುವಾಗುತ್ತೆ. ನಾವಿರೋದು ಮೈಸೂರಿನ ರಾಜೀವನಗರದಲ್ಲಿ. ಕಳೆದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಆಯಿತು. ನುಂಗೋಕೆ ಆಗ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ ಮನೆಗೆ ಕಳಿಸಿದರು. ಗಂಜಿ, ಹಾಲು, ಸೋಸಿದ ಬೇಳೆಕಟ್ಟು ಎಲ್ಲ ಅದರಲ್ಲೇ. ಕೆಲವು ದಿನ ಆದ ಮೇಲೆ ಮನೆಗೆ ಬರುವ ನರ್ಸ್ ಹಳೇ ಟ್ಯೂಬ್ ತೆಗೆದು ಹೊಸದು ಹಾಕಿದರು. ತೆಗೆದದ್ದು ಟ್ರೇಯಲ್ಲಿ ಬಿದ್ದಿತ್ತು. ಗ್ಲೌಸ್ ಹಾಕಿಕೊಂಡು ಎತ್ತಿ ನೋಡಿದೆ. ಹಾಕುವಾಗ ಶಾವಿಗೆಯ ಹಾಗೆ ಬಳುಕುತ್ತಿದ್ದ ನಳಿಕೆ, ಈಗ ಹೊಟ್ಟೆಯೊಳಗಿದ್ದ ತುದಿಯಲ್ಲಿ ಪೊರಕೆ ಕಡ್ಡಿಯ ಹಾಗೆ ಬಿಗಿದುಕೊಂಡಿತ್ತು. ಬಗ್ಗಿಸಿದರೆ ಮುರಿಯುತ್ತೇನೋ ಅನ್ನಿಸುವಷ್ಟು.

ನರ್ಸ್‌ಗೆ ಇದು ಹೊಸದೇನಲ್ಲ. 'ಪಿವಿಸಿ ಟ್ಯೂಬ್ ಅಲ್ವಾ, ಒಳಗಿದ್ದು ಗಟ್ಟಿಯಾಗುತ್ತೆ, ಅದಕ್ಕೇ ಬದಲಾಯಿಸೋದು' ಅಂದರು, ಕೈ ತೊಳೆದುಕೊಂಡು ಹೊರಟರು. ನನಗೆ ಮಾತ್ರ ಆ ಕಡ್ಡಿ ತಲೆಯಲ್ಲಿ ಕೂತುಬಿಟ್ಟಿತು. ಮೆತ್ತಗಿದ್ದದ್ದು ಗಟ್ಟಿಯಾಗಿದೆ ಅಂದರೆ, ಅದನ್ನು ಮೆತ್ತಗೆ ಮಾಡಿದ್ದ ಏನೋ ಒಂದು ಅದರಿಂದ ಆಚೆ ಹೋಗಿದೆ. ಎಲ್ಲಿಗೆ ಹೋಯ್ತು? ಬೇರೆ ದಾರಿ ಎಲ್ಲಿದೆ, ಅಪ್ಪನ ಹೊಟ್ಟೆಗೇ.

ಆ 'ಏನೋ ಒಂದರ' ಹೆಸರು ಡಿಇಎಚ್‌ಪಿ. ಥ್ಯಾಲೇಟ್ ಅನ್ನೋ ರಾಸಾಯನಿಕಗಳ ಕುಟುಂಬಕ್ಕೆ ಸೇರಿದ್ದು. ಪಿವಿಸಿ ತನ್ನಷ್ಟಕ್ಕೆ ಗಡುಸು ವಸ್ತು. ಮನೆಗೆ ನೀರಿನ ಪೈಪ್ ಹಾಕಿಸ್ತೀವಲ್ಲ, ಅದೇ. ಆ ಗಡುಸು ಪೈಪನ್ನು ರಕ್ತದ ಚೀಲ ಮಾಡಬೇಕು, ಡ್ರಿಪ್ ನಳಿಕೆ ಮಾಡಬೇಕು ಅಂದರೆ ಎಣ್ಣೆಯಂಥ ಒಂದು ದ್ರವ ಬೆರೆಸಬೇಕು. ಉದ್ದುದ್ದ ಪಿವಿಸಿ ಸರಪಳಿಗಳ ನಡುವೆ ಆ ಎಣ್ಣೆ ನುಸುಳಿ ಕೂತು, ಒಂದರ ಮೇಲೊಂದು ಜಾರುವ ಹಾಗೆ ಮಾಡುತ್ತೆ. ಹೀಗೆ ಬೆರೆಸೋದು ಚಿಟಿಕೆಯಷ್ಟು ಅಂದುಕೊಳ್ಳಬೇಡಿ. ಮೆತ್ತನೆಯ ವೈದ್ಯಕೀಯ ಪಿವಿಸಿಯ ತೂಕದಲ್ಲಿ ಸಾಮಾನ್ಯವಾಗಿ ಶೇ 20ರಿಂದ 40ರಷ್ಟು ಈ ಎಣ್ಣೆಯೇ ಇರುತ್ತೆ.

ಇಲ್ಲಿ ಮುಖ್ಯ ಸಂಗತಿ ಏನು ಗೊತ್ತಾ? ಈ ಎಣ್ಣೆ ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಅಂಟಿಕೊಂಡಿಲ್ಲ. ಸ್ಪಂಜಿನಲ್ಲಿ ನೀರು ಇದ್ದ ಹಾಗೆ ಇದೆ, ಅಷ್ಟೆ. ಹಳೇ ಆಟೊದ ರೆಕ್ಸಿನ್ ಸೀಟು ನೋಡಿ. ಹೊಸದರಲ್ಲಿ ಮೆತ್ತಗೆ, ಒಂಥರಾ ವಾಸನೆ. ನಾಲ್ಕಾರು ಬೇಸಿಗೆ ಕಳೆದರೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಒಳಗಿದ್ದ ಮೆದುಕಾರಕ ಹಾರಿಹೋಗಿರುತ್ತೆ. ನಳಿಕೆಯಲ್ಲೂ ಅದೇ ಕತೆ, ಹೋಗುವ ಜಾಗ ಮಾತ್ರ ಬೇರೆ.

ಆಟೊ ಅಂದಾಗ ನೆನಪಾಯ್ತು. ಈ ಸಂಚಿಕೆ ಮಾಡಲೇಬೇಕು ಅಂತ ನನ್ನನ್ನು ಕೂರಿಸಿದ್ದು ನಮ್ಮ ಬೀದಿಯ ಒಬ್ಬ ಆಟೊ ಚಾಲಕರು. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ದಿನ ಸಂಜೆ ಮನೆ ಮುಂದೆ ಸಿಕ್ಕರು, ಮುಖ ಊದಿಕೊಂಡಿತ್ತು. 'ಇವತ್ತು ಹೋಗ್ಲಿಲ್ಲ ಸಾರ್' ಅಂದರು. ಯಾಕೆ ಅಂದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ತೋರಿಸಿದರು. ಡಯಾಲಿಸಿಸ್ ಪೈಪಿನಿಂದ ರಕ್ತಕ್ಕೆ ಪ್ಲಾಸ್ಟಿಕ್ ವಿಷ ಸೇರುತ್ತೆ, ಕ್ಯಾನ್ಸರ್ ಬರುತ್ತೆ, ಆಸ್ಪತ್ರೆಯವರು ಹೇಳೋದಿಲ್ಲ ಅಂತ. ಕೊನೆಗೆ ಯಾವುದೋ ಕಷಾಯದ ಜಾಹೀರಾತು.

ಕಷ್ಟ ಏನಂದರೆ, ಆ ವಿಡಿಯೊ ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ 'ಬಿಡಿ ಸ್ವಾಮಿ' ಅಂತ ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ಅರ್ಧ ನಿಜ ಇದ್ದಾಗ ಅದಕ್ಕೆ ಉತ್ತರ ಕೊಡೋದು ಹೆಚ್ಚು ಹೊತ್ತು ತಗೊಳುತ್ತೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಒಂದು ಕಾಲದಲ್ಲಿ ರಕ್ತವನ್ನು ಗಾಜಿನ ಬಾಟಲಿಯಲ್ಲಿ ಇಡ್ತಿದ್ದರು. ಒಡೆಯೋದು, ತೊಳೆದು ಮತ್ತೆ ಬಳಸೋದು, ಒಳಗೆ ಗಾಳಿ ಸೇರೋದು, ಎಲ್ಲ ತಾಪತ್ರಯ. 1950ರ ಹೊತ್ತಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಜೂನಿಯರ್ ಪಿವಿಸಿ ಚೀಲ ತಯಾರಿಸಿದರು. ಒಡೆಯಲ್ಲ, ಮಡಚಬಹುದು, ಯುದ್ಧಭೂಮಿಯಲ್ಲಿ ವಿಮಾನದಿಂದ ಕೆಳಗೆ ಹಾಕಬಹುದು. ಒಂದು ಚೀಲದ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರ್ಪಡಿಸಿ ಮೂವರಿಗೆ ಕೊಡೋದು ಸುಲಭವಾದದ್ದೂ ಈ ಚೀಲದಿಂದಲೇ. ನಮ್ಮ ದೇಶದಲ್ಲಿ ಬಹುಕಾಲ ಗಾಜೇ ನಡೀತಿತ್ತು. 1980ರ ದಶಕದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಲ್ಲಿಯದೇ ತಂತ್ರಜ್ಞಾನದಲ್ಲಿ ರಕ್ತದ ಚೀಲ ಅಭಿವೃದ್ಧಿಪಡಿಸಿದ ಮೇಲೆ ಪ್ಲಾಸ್ಟಿಕ್ ಚೀಲ ನಮ್ಮ ರಕ್ತನಿಧಿಗಳಿಗೂ ಕೈಗೆಟುಕುವ ವಸ್ತು ಆಯ್ತು. ಎಷ್ಟು ಜೀವ ಉಳಿಸಿದೆ ಅನ್ನೋದನ್ನು ಲೆಕ್ಕ ಹಾಕೋಕೆ ಆಗಲ್ಲ.

ಸಮಸ್ಯೆ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರುಡಾಲ್ಫ್ ಜೇಗರ್ ಮತ್ತು ರಾಬರ್ಟ್ ರೂಬಿನ್ ಇಲಿಯ ಯಕೃತ್ತಿನ ಮೂಲಕ ರಕ್ತ ಹರಿಸಿ ಯಾವುದೋ ಪ್ರಯೋಗ ಮಾಡ್ತಿದ್ದರು. ತಾವು ಹಾಕಿಲ್ಲದ ಒಂದು ವಸ್ತು ಅದರಲ್ಲಿ ಕಾಣಿಸಿತು. ಹುಡುಕಿಕೊಂಡು ಹೋದರೆ, ಅದು ಬಂದದ್ದು ಪ್ರಯೋಗಕ್ಕೆ ಬಳಸಿದ ಪ್ಲಾಸ್ಟಿಕ್ ನಳಿಕೆಯಿಂದ. 1970ರಲ್ಲಿ ಇದನ್ನು ಪ್ರಕಟಿಸಿದರು. ಚೀಲದಲ್ಲಿ ಇಟ್ಟ ರಕ್ತಕ್ಕೂ ಡಿಇಎಚ್‌ಪಿ ಸೇರುತ್ತೆ, ಇಟ್ಟಷ್ಟೂ ದಿನ ಹೆಚ್ಚುತ್ತೆ, ರಕ್ತ ಪಡೆದವರ ಅಂಗಾಂಶಗಳಲ್ಲೂ ಸಿಗುತ್ತೆ ಅಂತ ತೋರಿಸಿದರು. ಅಂದರೆ ಐವತ್ತು ವರ್ಷಕ್ಕೂ ಹಿಂದಿನಿಂದ ಗೊತ್ತಿರುವ ಸಂಗತಿ ಇದು. 'ಮುಚ್ಚಿಟ್ಟ ರಹಸ್ಯ' ಅಂತ ವಿಡಿಯೊ ಹೇಳ್ತಲ್ಲ, ಹಾಗೇನಿಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದೆ.

ಹಾಗಾದರೆ ಅವತ್ತೇ ಯಾಕೆ ಬಿಡಲಿಲ್ಲ? ಇಲ್ಲೊಂದು ವಿಚಿತ್ರ ತಿರುವು ಇದೆ, ನನಗೆ ಇಡೀ ಕತೆಯಲ್ಲಿ ತುಂಬ ಕುತೂಹಲ ಅನ್ನಿಸಿದ್ದು ಇದೇ. ರಕ್ತಕ್ಕೆ ಸೋರುವ ಡಿಇಎಚ್‌ಪಿ ಕೆಂಪುಕಣಗಳ ಹೊರಪೊರೆಯಲ್ಲಿ ಸೇರಿಕೊಂಡು ಅವು ಒಡೆಯದ ಹಾಗೆ ಕಾಪಾಡುತ್ತೆ. ದಾನಿಯ ರಕ್ತವನ್ನು 35 ದಿನ, ಹೆಚ್ಚುವರಿ ದ್ರಾವಣ ಸೇರಿಸಿದರೆ 42 ದಿನದವರೆಗೆ ಫ್ರಿಜ್‌ನಲ್ಲಿ ಇಡ್ತಾರಲ್ಲ, ಅದರಲ್ಲಿ ಈ ಎಣ್ಣೆಯ ಪಾತ್ರವೂ ಇದೆ. ಯಾರೂ ಬೇಕು ಅಂತ ಹಾಕಿದ ಔಷಧ ಅಲ್ಲ, ಚೀಲದಿಂದ ತಾನಾಗಿ ಸೋರಿ ಕೆಲಸ ಮಾಡ್ತಿದೆ. ಅದನ್ನು ತೆಗೆದರೆ ರಕ್ತ ಬೇಗ ಕೆಡುತ್ತೆ. ಬದಲಿ ವಸ್ತು ಹುಡುಕೋರು ಮೆದುತನಕ್ಕೆ ಮಾತ್ರ ಅಲ್ಲ, ಈ ಗುಣಕ್ಕೂ ಬದಲಿ ಹುಡುಕಬೇಕು. ರಕ್ತದ ಚೀಲದ ವಿಷಯದಲ್ಲಿ ಜಗತ್ತು ಇಷ್ಟು ನಿಧಾನವಾಗಿ ಹೆಜ್ಜೆ ಇಡ್ತಿರೋದಕ್ಕೆ ದೊಡ್ಡ ಕಾರಣ ಇದು.

ಈಗ ದೇಹದೊಳಗೆ ಏನಾಗುತ್ತೆ ಅಂತ ನೋಡೋಣ. ಒಳಗೆ ಹೋದ ಡಿಇಎಚ್‌ಪಿಯನ್ನು ದೇಹ ಎಂಇಎಚ್‌ಪಿ ಅನ್ನೋ ಇನ್ನೊಂದು ವಸ್ತುವಾಗಿ ಒಡೆಯುತ್ತೆ. ತೊಂದರೆ ಕೊಡೋದು ಹೆಚ್ಚಾಗಿ ಇದೇ. ಆರೋಗ್ಯವಂತರಲ್ಲಿ ಇದರ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತೆ. ಗರ್ಭಿಣಿ ಇಲಿಗಳಿಗೆ ಕೊಟ್ಟಾಗ ಹೊಟ್ಟೆಯಲ್ಲಿದ್ದ ಗಂಡುಮರಿಗಳಲ್ಲಿ ಟೆಸ್ಟೊಸ್ಟೆರಾನ್ ಕಡಿಮೆಯಾಯ್ತು, ವೃಷಣದ ಬೆಳವಣಿಗೆ ಕುಂಠಿತವಾಯ್ತು. ಇದು ಪ್ರಾಣಿಗಳಲ್ಲಿ ಮತ್ತೆ ಮತ್ತೆ ಖಚಿತವಾಗಿರೋ ಸಂಗತಿ. ಮನುಷ್ಯರಲ್ಲಿ ಅಷ್ಟು ನೇರ ಪುರಾವೆ ಸಿಗೋದು ಕಷ್ಟ, ಯಾಕಂದರೆ ಐಸಿಯುನಲ್ಲಿರೋ ಮಗುವಿಗೆ ಮೊದಲೇ ನೂರು ತೊಂದರೆ ಇರುತ್ತೆ. ಯಾವುದು ಕಾಯಿಲೆಯಿಂದ, ಯಾವುದು ನಳಿಕೆಯಿಂದ ಅಂತ ಬಿಡಿಸೋದು ಹೇಗೆ?

ಕ್ಯಾನ್ಸರ್ ವಿಷಯ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವೇ ಇದರ ಬಗ್ಗೆ ಎರಡು ಸಲ ಮನಸ್ಸು ಬದಲಾಯಿಸಿದೆ. 1982ರಲ್ಲಿ 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ' 2ಬಿ ಗುಂಪಿಗೆ ಹಾಕಿತು. 2000ದಲ್ಲಿ, ಇಲಿಗಳಲ್ಲಿ ಆಗೋದು ಮನುಷ್ಯರಿಗೆ ಅನ್ವಯಿಸಲ್ಲ ಅಂತ ಕೆಳಗಿಳಿಸಿತು. 2011ರಲ್ಲಿ ಮತ್ತೆ 2ಬಿಗೆ ತಂದಿತು. 'ಕ್ಯಾನ್ಸರ್ ಬಂದೇ ಬರುತ್ತೆ' ಅನ್ನೋ ಮಾತಿಗೂ ಇದಕ್ಕೂ ಅಜಗಜಾಂತರ.

ಹೆಚ್ಚು ಗಟ್ಟಿಯಾದ ಆತಂಕ ಇರೋದು ಪುಟ್ಟ ಮಕ್ಕಳ ವಿಷಯದಲ್ಲಿ. ಅವಧಿಗೆ ಮುಂಚೆ ಹುಟ್ಟಿದ, ಒಂದು ಕೆ.ಜಿ. ತೂಗುವ ಕೂಸನ್ನು ನೆನೆಸಿಕೊಳ್ಳಿ. ಉಸಿರಿಗೆ ಒಂದು ನಳಿಕೆ, ಹಾಲಿಗೆ ಒಂದು, ಹೊಕ್ಕುಳಬಳ್ಳಿಯಲ್ಲಿ ಒಂದು, ರಕ್ತಕ್ಕೆ ಇನ್ನೊಂದು. ದೊಡ್ಡವರಿಗೆ ಹಾಕುವಂಥ ಪ್ಲಾಸ್ಟಿಕ್ಕೇ, ದೇಹ ಮಾತ್ರ ಅಂಗೈಯಷ್ಟು, ಯಕೃತ್ತು ಇನ್ನೂ ಬಲಿತಿಲ್ಲ. ಬಾಸ್ಟನ್‌ನ ನವಜಾತ ಶಿಶು ಘಟಕಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಇಎಚ್‌ಪಿ ಇರುವ ಸಾಧನಗಳು ಹೆಚ್ಚಿಗೆ ಅಂಟಿಕೊಂಡಿದ್ದ ಶಿಶುಗಳ ಮೂತ್ರದಲ್ಲಿ ಎಂಇಎಚ್‌ಪಿ, ಕಡಿಮೆ ಇದ್ದ ಶಿಶುಗಳಿಗಿಂತ ಸುಮಾರು ಐದು ಪಟ್ಟು ಇತ್ತು.

ಅದಕ್ಕಿಂತ ನನ್ನನ್ನು ತಟ್ಟಿದ್ದು ಜರ್ಮನಿಯ ಒಂದು ಅನುಭವ. ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಪಡೆಯುವ ಅಕಾಲಿಕ ಶಿಶುಗಳಿಗೆ ಪಿತ್ತ ಕಟ್ಟಿಕೊಂಡು ಯಕೃತ್ತು ಹಾಳಾಗುವ ತೊಂದರೆ ಬರುತ್ತೆ. ಅಲ್ಲಿನ ಒಂದು ಘಟಕ ಪಿವಿಸಿ ನಳಿಕೆ ಬಿಟ್ಟು ಬೇರೆ ಪ್ಲಾಸ್ಟಿಕ್‌ಗೆ ಬದಲಾಯಿತು. ಮೊದಲು ಶೇ 50ರಷ್ಟು ಶಿಶುಗಳಲ್ಲಿ ಕಾಣ್ತಿದ್ದ ಈ ತೊಂದರೆ ಬದಲಾದ ಮೇಲೆ ಶೇ 13ಕ್ಕೆ ಇಳಿಯಿತು. 2009ರ ವರದಿ. ಚಿಕ್ಕ ಅಧ್ಯಯನ, ಎರಡೂ ಗುಂಪು ಸೇರಿ ನೂರು ಮಕ್ಕಳೂ ಇಲ್ಲ, ಹಿಂದೆ-ಮುಂದೆ ಹೋಲಿಸಿದ್ದು, ಬೇರೆ ಕಾರಣವೂ ಸೇರಿರಬಹುದು. ಆದರೂ ಸುಮ್ಮನೆ ತಳ್ಳಿಹಾಕುವ ಸಂಖ್ಯೆ ಅಲ್ಲ ಅದು. 2016ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ವೈದ್ಯರು, ಐಸಿಯುನಲ್ಲಿದ್ದಾಗ ಮೈಗೆ ಸೇರಿದ ಥ್ಯಾಲೇಟ್‌ಗೂ ನಾಲ್ಕು ವರ್ಷದ ನಂತರ ಅದೇ ಮಕ್ಕಳಲ್ಲಿ ಕಂಡ ಗಮನದ ಕೊರತೆಗೂ ಸಂಬಂಧ ಕಂಡಿದ್ದಾಗಿ ಬರೆದರು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರ ಜುಲೈನಲ್ಲೇ ಆಸ್ಪತ್ರೆಗಳಿಗೆ ಸೂಚನೆ ಕಳಿಸಿತ್ತು. ಗಂಡು ಶಿಶುಗಳು, ಗಂಡು ಮಗುವನ್ನು ಹೊತ್ತ ಗರ್ಭಿಣಿಯರು, ಹರೆಯಕ್ಕೆ ಕಾಲಿಡುವ ಹುಡುಗರು, ಇವರಿಗೆ ಹೆಚ್ಚು ಡಿಇಎಚ್‌ಪಿ ಸೇರುವ ಚಿಕಿತ್ಸೆ ಮಾಡುವಾಗ ಬದಲಿ ಇದ್ದರೆ ಬದಲಿ ಬಳಸಿ ಅಂತ. ನಮ್ಮಲ್ಲಿ ಗರ್ಭದಲ್ಲಿರೋದು ಗಂಡೋ ಹೆಣ್ಣೋ ಕೇಳುವ ಹಾಗಿಲ್ಲ, ಕೇಳಲೂಬಾರದು. ಆದ್ದರಿಂದ ನಮ್ಮ ಮಟ್ಟಿಗೆ ಎಲ್ಲ ಗರ್ಭಿಣಿಯರೂ ಅಂತಲೇ ಓದಿಕೊಳ್ಳಬೇಕು. ಅದೇ ಸೂಚನೆಯಲ್ಲಿ ಇನ್ನೊಂದು ಮಾತೂ ಇತ್ತು. ಬೇಕಾದ ಚಿಕಿತ್ಸೆಯನ್ನು ಡಿಇಎಚ್‌ಪಿ ಭಯಕ್ಕೆ ಬಿಡಬೇಡಿ, ಬಿಡೋದರ ಅಪಾಯವೇ ಬಹಳ ದೊಡ್ಡದು ಅಂತ. ವಿಡಿಯೊ ಮಾಡಿದವರು ಈ ಸಾಲನ್ನು ಓದಿರಲಿಲ್ಲ ಅಂತ ಕಾಣುತ್ತೆ.

ಎಲ್ಲ ನಳಿಕೆಯೂ ಒಂದೇ ಅಲ್ಲ, ಎಲ್ಲ ದ್ರವವೂ ಒಂದೇ ಅಲ್ಲ. ಡಿಇಎಚ್‌ಪಿ ಎಣ್ಣೆಯ ಜಾತಿ. ನೀರಿಗೆ ಸುಲಭವಾಗಿ ಬರಲ್ಲ, ಕೊಬ್ಬಿಗೆ ಓಡಿ ಬರುತ್ತೆ. ನಮ್ಮಲ್ಲಿ 'ಗ್ಲೂಕೋಸ್ ಹಾಕಿಸಿಕೊಂಡು ಬಂದೆ' ಅಂತೀವಲ್ಲ, ಆ ಸಲೈನ್, ಗ್ಲೂಕೋಸ್ ಬಾಟಲಿಗಳು ನಮ್ಮ ದೇಶದಲ್ಲಿ ಬಹುತೇಕ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್‌ನವು. ಅವಕ್ಕೆ ಮೆದುಕಾರಕವೇ ಬೇಡ. ಪಿವಿಸಿ ಇರೋದು ಕೆಳಗಿನ ನಳಿಕೆಯಲ್ಲಿ. ಅದರಲ್ಲಿ ಹರಿಯೋದು ಉಪ್ಪುನೀರು. ಎಫ್‌ಡಿಎ 2001ರಲ್ಲಿ ಹಾಕಿದ ಲೆಕ್ಕದಲ್ಲಿ, ಸಾಮಾನ್ಯ ಸಲೈನ್‌ನಿಂದ ಸೇರೋದು ಸಹಿಸಬಹುದಾದ ಮಿತಿಯ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಜ್ವರಕ್ಕೆ ಒಂದು ಬಾಟಲ್ ಹಾಕಿಸಿಕೊಂಡವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಅಂದ ಹಾಗೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ಐವಿ ದ್ರಾವಣದ ಬಗ್ಗೆ ರಾಜ್ಯದಲ್ಲೆಲ್ಲ ಭಯ ಹುಟ್ಟಿತಲ್ಲ, ಅಲ್ಲಿ ಪ್ರಶ್ನೆ ಇದ್ದದ್ದು ದ್ರಾವಣದ ಗುಣಮಟ್ಟದ್ದು. ಇವತ್ತಿನ ವಿಷಯ ಬೇರೆ, ಎರಡನ್ನೂ ಕಲಸಬೇಡಿ.

ಲೆಕ್ಕ ಬದಲಾಗೋದು ರಕ್ತ, ಕೊಬ್ಬು, ಕೆಲವು ಔಷಧ ಬಂದಾಗ. ಹುಟ್ಟಿದ ಕೂಸಿಗೆ ಕಾಮಾಲೆ ತಲೆಗೇರಿ ಪೂರ್ತಿ ರಕ್ತ ಬದಲಾಯಿಸಬೇಕಾಗಿ ಬಂದರೆ ಅದೇ ಮಿತಿ ಹಲವು ಪಟ್ಟು ಮೀರಬಹುದು. ರಕ್ತನಾಳಕ್ಕೆ ಕೊಡುವ ಹಾಲಿನಂಥ ಬಿಳಿಯ ಕೊಬ್ಬಿನ ದ್ರಾವಣ ಇನ್ನೊಂದು. ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಇನ್ನೊಂದು. ಅದನ್ನು ಕರಗಿಸಲು ಬಳಸುವ ಎಣ್ಣೆಯಂಥ ದ್ರಾವಕ ಪಿವಿಸಿಯಿಂದ ಡಿಇಎಚ್‌ಪಿಯನ್ನು ಎಳೆಯುತ್ತೆ, ಅದಕ್ಕೇ ಆ ಔಷಧದ ಸೂಚನಾ ಪತ್ರದಲ್ಲೇ ಪಿವಿಸಿ ಚೀಲ, ನಳಿಕೆ ಬೇಡ ಅಂತ ಬರೆದಿರುತ್ತೆ. ಕೀಮೊ ಕೊಡಿಸುವ ಮನೆಯವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಡಯಾಲಿಸಿಸ್ ಎಲ್ಲಿ ಬರುತ್ತೆ? ನಡುವೆ. ನಿಮಿಷಕ್ಕೆ 300 ಮಿಲಿಲೀಟರ್ ಅಂದರೂ ನಾಲ್ಕು ಗಂಟೆಯಲ್ಲಿ 72 ಲೀಟರ್ ರಕ್ತ ಆ ನಳಿಕೆಯಲ್ಲಿ ಸುತ್ತಿ ಬರುತ್ತೆ. ವಾರಕ್ಕೆ ಎರಡು ಸಲ, ವರ್ಷಗಟ್ಟಲೆ. ಎಫ್‌ಡಿಎ ಲೆಕ್ಕದಲ್ಲಿ ದೊಡ್ಡವರ ಡಯಾಲಿಸಿಸ್ ಮಿತಿಯೊಳಗೇ ಬರುತ್ತೆ, ಆದರೆ ಸಲೈನ್‌ನಷ್ಟು ದೂರದಲ್ಲಿ ಅಲ್ಲ. ಹೆಚ್ಚು ಎಚ್ಚರ ಬೇಕಾದವರ ಪಟ್ಟಿಯಲ್ಲಿ ಡಯಾಲಿಸಿಸ್‌ನಲ್ಲಿರುವ ಗರ್ಭಿಣಿ, ಬಾಣಂತಿ, ಹರೆಯದ ಹುಡುಗರಿದ್ದಾರೆ. ಐವತ್ತರ ಆಟೊ ಚಾಲಕ ಅದರಲ್ಲಿಲ್ಲ. ಇನ್ನೊಂದು ಕಡೆ, ಒಂದು ಡಯಾಲಿಸಿಸ್ ತಪ್ಪಿಸಿದರೆ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ನೀರು ಶ್ವಾಸಕೋಶಕ್ಕೆ ತುಂಬಬಹುದು. ಅದಕ್ಕೆ ವರ್ಷ ಬೇಡ, ಎರಡು ಮೂರು ದಿನ ಸಾಕು. ಅವತ್ತು ಸಂಜೆ ಅವರ ಊದಿದ ಮುಖ ನೋಡಿ ನಾನು ಹೇಳಿದ್ದು ಇಷ್ಟೆ, 'ನಳಿಕೆ ವಿಷಯ ಆಮೇಲೆ ನೋಡೋಣ, ಈಗಲೇ ಸೆಂಟರ್‌ಗೆ ಫೋನ್ ಮಾಡಿ.'

ಬೇರೆ ದೇಶಗಳು ಏನು ಮಾಡಿವೆ ಅಂದರೆ, ಫ್ರಾನ್ಸ್ 2015ರ ಜುಲೈನಿಂದ ಮಕ್ಕಳ, ನವಜಾತ ಶಿಶುಗಳ ಮತ್ತು ಹೆರಿಗೆ ವಾರ್ಡ್‌ಗಳಲ್ಲಿ ಡಿಇಎಚ್‌ಪಿ ನಳಿಕೆ ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ ಇಂಥ ವಸ್ತು ಶೇ 0.1ಕ್ಕಿಂತ ಹೆಚ್ಚಿದ್ದರೆ ಯಾಕೆ ಬೇಕು ಅಂತ ಸಮರ್ಥಿಸಿ, ಲೇಬಲ್ ಹಾಕಬೇಕು. ವೈದ್ಯಕೀಯ ಸಾಧನಗಳಿಗೆ ಕೊಟ್ಟ ಗಡುವು 2025ರಲ್ಲಿ ಮುಗೀಬೇಕಿತ್ತು, 2030ಕ್ಕೆ ಮುಂದೆ ಹೋಯ್ತು. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ ಐವಿ ಚೀಲಕ್ಕೆ 2030, ನಳಿಕೆಗೆ 2035ರ ಗಡುವು ಇಟ್ಟಿದೆ. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಮಾನಕ ಕಡ್ಡಾಯ. ಮಗು ಬಾಯಿಗೆ ಹಾಕಿಕೊಳ್ಳುವ ಬೊಂಬೆಯಲ್ಲಿ ಡಿಇಎಚ್‌ಪಿ ಶೇ 0.1 ಮೀರುವ ಹಾಗಿಲ್ಲ. ಅದೇ ಮಗುವಿನ ಮೂಗಿಗೆ ಹಾಕುವ ನಳಿಕೆಯಲ್ಲಿ ಮೂರನೇ ಒಂದು ಪಾಲು ಅದೇ ಎಣ್ಣೆ ಇರಬಹುದು. ನಮ್ಮೂರಿನ ಸಿಎಫ್‌ಟಿಆರ್‌ಐನಲ್ಲಿ ಊಟದ ಪೊಟ್ಟಣದಿಂದ ಆಹಾರಕ್ಕೆ ಪ್ಲಾಸ್ಟಿಕ್ ಅಂಶ ಎಷ್ಟು ಸೋರುತ್ತೆ ಅಂತ ಪರೀಕ್ಷಿಸ್ತಾರೆ. ಪೊಟ್ಟಣಕ್ಕೆ ಕೆ.ಜಿ.ಗೆ 60 ಮಿಲಿಗ್ರಾಂ ಅನ್ನೋ ಒಟ್ಟು ಮಿತಿ ಇದೆ. ಉಪ್ಪಿನಕಾಯಿ ಪೊಟ್ಟಣಕ್ಕೆ ಕೇಳುವ ಪ್ರಶ್ನೆಯನ್ನು ನಾವು ಆಸ್ಪತ್ರೆಯಲ್ಲಿ ಯಾಕೆ ಕೇಳಲ್ಲ?

ಬದಲಿಗಳು ಇಲ್ಲ ಅಂತಲ್ಲ. ಪ್ಲೇಟ್‌ಲೆಟ್ ಚೀಲಗಳು ಬಹುಕಾಲದಿಂದ ಬೇರೆ ಮೆದುಕಾರಕದಲ್ಲೋ ಬೇರೆ ಪ್ಲಾಸ್ಟಿಕ್‌ನಲ್ಲೋ ಬರ್ತಿವೆ, ಅವಕ್ಕೆ ಆಮ್ಲಜನಕ ಆಡಬೇಕಲ್ಲ. ಟಿಒಟಿಎಂ, ಡಿಐಎನ್‌ಸಿಎಚ್ ಅನ್ನೋ ಕಡಿಮೆ ಸೋರುವ ಮೆದುಕಾರಕಗಳಿವೆ. ಸಿಲಿಕೋನ್, ಪಾಲಿಯುರೆಥೇನ್ ನಳಿಕೆಗಳಿಗೆ ಥ್ಯಾಲೇಟ್ ಬೇಡವೇ ಬೇಡ. ದುಬಾರಿ, ಅದು ನಿಜ. ನಿಮ್ಮ ಮನೆಯಲ್ಲಿ ವಾರಗಟ್ಟಲೆ ರೈಲ್ಸ್ ಟ್ಯೂಬ್ ಬೇಕಾದವರಿದ್ದರೆ ವೈದ್ಯರ ಹತ್ತಿರ ಈ ಮಾತು ಎತ್ತಿ. ನಾವು ಅಪ್ಪನಿಗೆ ಪಾಲಿಯುರೆಥೇನ್‌ಗೆ ಬದಲಾಯಿಸಿದೆವು. ದುಡ್ಡು ಜಾಸ್ತಿ ಆಯ್ತು, ಆದರೆ ಅಷ್ಟು ಬೇಗ ಬದಲಾಯಿಸಬೇಕಾಗಿಲ್ಲ, ಮೂಗು ಕೆರೆಯೋದೂ ಕಡಿಮೆ.

ಪೊಟ್ಟಣದ ಮೇಲೆ ನೋಡಬೇಕಾದ್ದು ಒಂದು ಚಿಕ್ಕ ಗುರುತು. ಇಂಗ್ಲಿಷಿನಲ್ಲಿ ಪಿ, ಎಚ್, ಟಿ ಅನ್ನೋ ಮೂರು ಅಕ್ಷರ ಇದ್ದರೆ ಥ್ಯಾಲೇಟ್ ಇದೆ ಅಂತ. ಅದರ ಮೇಲೆ ಅಡ್ಡಗೆರೆ ಎಳೆದಿದ್ದರೆ ಇಲ್ಲ ಅಂತ. ಕೆಲವು ಕಂಪನಿಗಳು 'ಡಿಇಎಚ್‌ಪಿ ಫ್ರೀ' ಅಂತಲೇ ಬರೆಯುತ್ತವೆ. ಆದರೆ ಎನ್‌ಐಸಿಯು ಬಾಗಿಲಲ್ಲಿ ನಿಂತ ಅಪ್ಪ ಅಮ್ಮ ಪೊಟ್ಟಣ ಓದಿಕೊಂಡು ಕೂರೋಕೆ ಆಗುತ್ತಾ? ಆ ತೀರ್ಮಾನ ಆಗೋದು ಖರೀದಿಯ ಟೆಂಡರಿನಲ್ಲಿ. ಸರ್ಕಾರಿ ಆಸ್ಪತ್ರೆಗಳಿಗೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಖರೀದಿ ಮಾಡುತ್ತೆ. ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗಿನ ತಾಯಂದಿರು ಕೂಸನ್ನು ಎತ್ತಿಕೊಂಡು ಬರೋದು ಚೆಲುವಾಂಬಕ್ಕೆ. ನವಜಾತ ಶಿಶು ಘಟಕಕ್ಕೆ ಹೋಗುವ ನಳಿಕೆಗೆ 'ಡಿಇಎಚ್‌ಪಿ ಇರಬಾರದು' ಅಂತ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಆಯ್ತು. ಇಡೀ ಆಸ್ಪತ್ರೆಗೆ ಬೇಡ, ಮೊದಲು ಆ ಒಂದು ಕೋಣೆಗೆ. ಖರ್ಚು ಎಷ್ಟು ಹೆಚ್ಚುತ್ತೆ ಅನ್ನೋದನ್ನು ಲೆಕ್ಕ ಹಾಕಿ ಸಾರ್ವಜನಿಕವಾಗಿ ಹೇಳಲಿ, ಆಮೇಲೆ ಚರ್ಚೆ ಮಾಡೋಣ.

ನಮ್ಮ ಆಟೊ ಚಾಲಕರು ಮಾರನೇ ದಿನ ಬೆಳಿಗ್ಗೆಯೇ ಡಯಾಲಿಸಿಸ್‌ಗೆ ಹೋದರು. ಮಲಗಿಕೊಂಡೇ ಟೆಕ್ನಿಷಿಯನ್ ಹತ್ತಿರ ನಳಿಕೆಯ ಖಾಲಿ ಪೊಟ್ಟಣ ಕೇಳಿ, ಫೋಟೊ ತೆಗೆದು ನನಗೆ ಕಳಿಸಿದರು. ಆ ಮೂರು ಅಕ್ಷರ ಇದ್ದವು, ಅಡ್ಡಗೆರೆ ಇರಲಿಲ್ಲ. ಕೆಳಗೆ ಒಂದು ವಾಯ್ಸ್ ಮೆಸೇಜ್: 'ಇದೆ ಸಾರ್. ಇರ್ಲಿ, ನಾನು ನಾಲ್ಕು ಗಂಟೆ ಮಲಗ್ತೀನಿ. ಪಕ್ಕದ ಬೆಡ್‌ನಲ್ಲಿ ಹದಿಮೂರು ವರ್ಷದ ಹುಡುಗ ಇದ್ದಾನೆ, ಅವನ ಅಪ್ಪನಿಗೆ ಏನಂತ ಹೇಳ್ಲಿ?' ಡಾಕ್ಟರನ್ನು ಕೇಳೋಕೆ ಹೇಳಿ, ಆದರೆ ಡಯಾಲಿಸಿಸ್ ಮಾತ್ರ ಬಿಡಿಸಬೇಡಿ ಅಂತ ಹೇಳಿದೆ. ಆ ಅಪ್ಪ ಕೇಳಿದ್ದಾರಂತೆ. ಡಾಕ್ಟರು ಪೊಟ್ಟಣ ತಗೊಂಡು ನೋಡಿ, ಮುಂದಿನ ಸಲ ಸ್ಟೋರ್ಸ್‌ನವರನ್ನು ವಿಚಾರಿಸ್ತೀನಿ ಅಂದರಂತೆ.